ಕಿರಿದರ ಬಲ

ನಮ್ಮ ತಾಯಿಯವರ ಭಾವಚಿತ್ರದ ಗಾಜು ಬದಲಾಯಿಸಲೆಂದು ಒಮ್ಮೆ ಕಟ್ಟು ಹಾಕುವವನ ಅಂಗಡಿಗೆ ಹೋಗಿದ್ದೆ. ಆತ ವಜ್ರದ ಮೊನೆಯಿಂದ ಗಾಜಿನ ಮೇಲೆ ಗೀರೊಂದನ್ನು ಎಳೆದು, ಬೆರಳುಗಳಿಂದ ತುಸುವೇ ಬಗ್ಗಿಸಿದ. ಗಾಜು ಗೀರಿನಗುಂಟ ಇಬ್ಭಾಗವಾಯಿತು. "ಒಡೆಯೋದು ನಾನಲ್ಲ ಸ್ವಾಮಿ, ಗೀರು" ಎಂದು ನಕ್ಕ. ಜೀವಮಾನವೆಲ್ಲ ಕನ್ನಡ ಪಾಠ ಹೇಳಿದ ನನ್ನನ್ನು ಆ ಮಾತು ವಿಜ್ಞಾನದ ಪುಸ್ತಕಗಳತ್ತ ಎಳೆದೊಯ್ದಿತು.

ಇಂಗ್ಲೆಂಡಿನ ಎ. ಎ. ಗ್ರಿಫಿತ್ 1921ರಲ್ಲಿ ಪ್ರಕಟಿಸಿದ ಪ್ರಬಂಧದ ತಿರುಳೂ ಇದೇ. ಪರಮಾಣುಗಳ ಬೆಸುಗೆಯನ್ನು ಲೆಕ್ಕ ಹಾಕಿದರೆ ಗಾಜು ಈಗಿರುವುದಕ್ಕಿಂತ ಎಷ್ಟೋ ಪಟ್ಟು ಗಟ್ಟಿಯಾಗಿರಬೇಕು. ಆದರೆ ಅದರೊಳಗೆ ಕಣ್ಣಿಗೆ ಕಾಣದ ಬಿರುಕುಗಳುಂಟು. ಎಳೆತವೆಲ್ಲ ಅವುಗಳ ತುದಿಯಲ್ಲಿ ಒಟ್ಟುಗೂಡುತ್ತದೆ. ಬಿರುಕು ಒಂದು ಮಿತಿಯನ್ನು ಮೀರಿತೆಂದರೆ ತಾನಾಗಿಯೇ ಓಡುತ್ತದೆ. ಗ್ರಿಫಿತ್ ಗಾಜನ್ನು ಎಳೆಯಾಗಿ ತೆಗೆದು ಪರೀಕ್ಷಿಸಿದ. ಒಂದು ಮಿಲಿಮೀಟರ್ ದಪ್ಪದ ಎಳೆಗಿಂತ, ಅದರ ಸುಮಾರು ಮುನ್ನೂರನೆಯ ಒಂದಂಶದಷ್ಟು ಸಣ್ಣ ಎಳೆ, ಅಷ್ಟೇ ಅಡ್ಡಳತೆಗೆ ಹೋಲಿಸಿದರೆ, ಇಪ್ಪತ್ತರಷ್ಟು ಎಳೆತವನ್ನು ತಾಳಿತು. ಅಷ್ಟು ಕಿರಿದಾದ ಎಳೆಯಲ್ಲಿ ದೊಡ್ಡ ಬಿರುಕಿಗೆ ಇಂಬಾದರೂ ಎಲ್ಲಿ?

ಲೋಹದ ರೀತಿ ಬೇರೆ; ಅದು ಒಡೆಯುವ ಮೊದಲು ಬಾಗುತ್ತದೆ. ಹಾಸಿದ ಜಮಖಾನವನ್ನು ಇಡಿಯಾಗಿ ಎಳೆಯುವುದು ಕಷ್ಟ. ಅಂಚಿನಲ್ಲೊಂದು ಸುಕ್ಕು ಮಾಡಿ ತಳ್ಳಿದರೆ ಸುಲಭ. ಲೋಹದ ಪರಮಾಣುಗಳ ಸಾಲುಗಳಲ್ಲಿಯೂ ಇಂಥ ಸುಕ್ಕುಗಳಿವೆಯೆಂದು ಟೇಲರ್, ಒರೊವಾನ್, ಪೊಲಾನ್ಯಿ ಎಂಬ ಮೂವರು 1934ರಲ್ಲಿ ಬೇರೆ ಬೇರೆಯಾಗಿಯೇ ಕಂಡುಕೊಂಡರು. ತಾಮ್ರದ ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದಾಗ ಅದು ಬಿರುಸಾಗುವುದು ಈ ಸುಕ್ಕುಗಳು ಒಂದಕ್ಕೊಂದು ತೊಡರಿಕೊಳ್ಳುವುದರಿಂದ.

ಇನ್ನು ಲೋಹವನ್ನೇ ಅತಿ ಕಿರಿದು ಮಾಡಿದರೆ? ಅಮೆರಿಕದ ಸಂಶೋಧಕರು ಮಿಲಿಮೀಟರಿನ ಸಾವಿರದ ಕೆಲವೇ ಅಂಶಗಳಷ್ಟು ದಪ್ಪದ ನಿಕಲ್ ಕಂಬಗಳನ್ನು ಕೆತ್ತಿ, ಅದುಮಿ ನೋಡಿ, 2004ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕಂಬ ಕಿರಿದಾದಷ್ಟೂ ಬಲ ಹೆಚ್ಚಿತ್ತು. ಅಲ್ಲಿ ಸುಕ್ಕುಗಳೇ ವಿರಳ. ಇದ್ದವಕ್ಕೂ ಹೊರಮೈ ಹತ್ತಿರವಾದುದರಿಂದ ಬೇಗನೆ ಜಾರಿಹೋಗುತ್ತವೆ. ಹೊಸದನ್ನು ಹುಟ್ಟಿಸಲು ಹೆಚ್ಚಿನ ಒತ್ತಡ ಬೇಕು.

ಆದರೆ ಕಿರಿತನಕ್ಕೂ ಎಲ್ಲೆಯುಂಟು. ಲೋಹದ ಒಳಹರಳುಗಳು ಮಿಲಿಮೀಟರಿನ ಲಕ್ಷದ ಒಂದಂಶದಷ್ಟಾದಾಗ, ಹರಳುಗಳೇ ಒಂದರ ಮೇಲೊಂದು ಜಾರತೊಡಗಿ, ಲೋಹ ಮತ್ತೆ ಮೆತ್ತಗಾಗುವುದುಂಟು.

ಕಿರಿದೆಂದರೆ ಹಿರಿದರ ತುಣುಕಷ್ಟೇ ಎಂದು ನಾನು ತಿಳಿದಿದ್ದೆ. ಹಾಗಲ್ಲ, ಅದರ ನಡೆಯೇ ಬೇರೆ. ಈಗ ತಾಯಿಯವರ ಚಿತ್ರದ ಗಾಜನ್ನು ಒರೆಸುವಾಗ ಬಟ್ಟೆಯಲ್ಲಿ ಮರಳಿನ ಕಣವೇನಾದರೂ ಇದೆಯೇ ಎಂದು ಮೊದಲು ಕೊಡವಿ ನೋಡುತ್ತೇನೆ.