ಚಾರ್ಜರ್ ಆರಿಸುವುದು ಬಿಲ್ಲಿಗಾಗಿ ಅಲ್ಲ

ಕರೆಂಟಿನ ಮೀಟರ್ ಮುಂದೆ ಸ್ವಲ್ಪ ಹೊತ್ತು ನಿಂತರೆ ಸಣ್ಣ ಕೆಂಪು ದೀಪವೊಂದು ಮಿಣುಕುವುದು ಕಾಣುತ್ತದೆ. ನಮ್ಮ ಮನೆಯ ಮೀಟರಿನಲ್ಲಿ ಆ ದೀಪದ ಪಕ್ಕ 3200 ಎಂದು ಅಚ್ಚಾಗಿದೆ. ಅಷ್ಟು ಸಲ ಮಿಣುಕಿದರೆ ಒಂದು ಯೂನಿಟ್. ಕೆಲವು ಮೀಟರುಗಳಲ್ಲಿ ಇದು 1600, ಇನ್ನು ಕೆಲವದರಲ್ಲಿ 6400. ಎರಡು ಸಾವಿರ ವ್ಯಾಟಿನ ಗೀಸರ್ ಹಾಕಿ ಬಂದು ನೋಡಿದರೆ ದೀಪ ಸೆಕೆಂಡಿಗೆ ಹೆಚ್ಚುಕಡಿಮೆ ಎರಡು ಸಲ ಬಡಿದುಕೊಳ್ಳುತ್ತದೆ. ಮನೆಯದ್ದೆಲ್ಲ ಆರಿಸಿ, ಫೋನ್ ಸಿಕ್ಕಿಸದ ಖಾಲಿ ಚಾರ್ಜರ್ ಒಂದನ್ನೇ ಬಿಟ್ಟರೆ? ಈಗಿನ ಒಳ್ಳೆಯ ಚಾರ್ಜರ್ ಖಾಲಿ ಕೂತಾಗ ಎಳೆಯುವುದು 0.1 ವ್ಯಾಟಿನ ಆಸುಪಾಸು. ಲೆಕ್ಕದ ಪ್ರಕಾರ ಒಂದು ಮಿಣುಕಿಗೆ ಮೂರು ಗಂಟೆಗೂ ಹೆಚ್ಚು ಕಾಯಬೇಕು. ಅಷ್ಟು ಸಣ್ಣ ಎಳೆತವನ್ನು ಮೀಟರ್ ಗಮನಿಸದೆಯೂ ಹೋದೀತು.

"ಚಾರ್ಜರ್ ಆರ್ಸೋ, ಕರೆಂಟು ಸುಮ್ನೆ ಹರಿದು ಹೋಗ್ತಿದೆ" ಎಂದು ಅಮ್ಮ ಈಗಲೂ ಗದರುತ್ತಾಳೆ. ವರ್ಷವಿಡೀ ಹಾಗೇ ಬಿಟ್ಟರೂ ಅದು ತಿನ್ನುವುದು ಒಂದು ಯೂನಿಟ್ಟಿಗಿಂತ ಕಡಿಮೆ. ಫೋನ್ ಚಾರ್ಜ್ ಮಾಡುವ ಖರ್ಚಾದರೂ ಎಷ್ಟು? 5000 ಎಂಎಎಚ್ ಬ್ಯಾಟರಿಯಲ್ಲಿ ತುಂಬುವುದು ಸುಮಾರು 19 ವ್ಯಾಟ್ ಗಂಟೆಯಷ್ಟು ಶಕ್ತಿ. ಬಿಸಿಯಾಗಿ ಸೋರುವುದನ್ನೂ ಸೇರಿಸಿ 25 ಎಂದಿಟ್ಟುಕೊಳ್ಳಿ. ದಿನಾ ಪೂರ್ತಿ ತುಂಬಿಸಿದರೂ ವರ್ಷಕ್ಕೆ ಒಂಬತ್ತು ಯೂನಿಟ್. ದಿನಕ್ಕೆ ಅರ್ಧ ಗಂಟೆ ಉರಿಯುವ ಗೀಸರ್ ಅಷ್ಟನ್ನು ಒಂಬತ್ತೇ ದಿನಕ್ಕೆ ಮುಗಿಸುತ್ತದೆ.

ಅಮ್ಮನ ಮಾತು ಬಂದಿರುವುದು ಎಲಿಮಿನೇಟರ್ ಕಾಲದಿಂದ. ಟೇಪ್‌ರೆಕಾರ್ಡರಿಗೆ ಸಿಕ್ಕಿಸುತ್ತಿದ್ದ ಆ ಇಟ್ಟಿಗೆಯಂಥ ಡಬ್ಬಿಯೊಳಗೆ ಕಬ್ಬಿಣದ ಹೊಟ್ಟೆಯ ಟ್ರಾನ್ಸ್‌ಫಾರ್ಮರ್ ಇರುತ್ತಿತ್ತು. ಟೇಪ್ ಹಾಡಲಿ ಬಿಡಲಿ, ಪ್ಲಗ್ಗಿನಲ್ಲಿ ಇದ್ದಷ್ಟು ಹೊತ್ತೂ ಅದು ಬೆಚ್ಚಗಿರುತ್ತಿತ್ತು. ಆ ಬಿಸಿಯೆಲ್ಲ ಬಿಲ್ಲಿನ ದುಡ್ಡೇ.

ಈಗಿನದು ಬೇರೆ ಜಾತಿ. ಗೋಡೆಯಿಂದ ಬಂದ 230 ವೋಲ್ಟಿನ ಎಸಿಯನ್ನು ಮೊದಲು ಡಿಸಿ ಮಾಡಿಕೊಳ್ಳುತ್ತದೆ. ಆ ಹಂತದಲ್ಲಿ ಒಳಗೆ 325 ವೋಲ್ಟಿನಷ್ಟಿರುತ್ತದೆ. ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ, ನಾಲ್ಕೈದು ಹುಣಸೆಬೀಜದಷ್ಟು ಗಾತ್ರದ ಪುಟ್ಟ ಟ್ರಾನ್ಸ್‌ಫಾರ್ಮರಿಗೆ ಕೊಡುತ್ತದೆ. ಅಷ್ಟು ವೇಗವಾಗಿ ಕತ್ತರಿಸುವುದರಿಂದಲೇ ಡಬ್ಬಿ ಇಷ್ಟು ಚಿಕ್ಕದಾಯಿತು. ಆ ಟ್ರಾನ್ಸ್‌ಫಾರ್ಮರಿನಲ್ಲಿ ಎರಡು ಸುರುಳಿಗಳಿವೆ. ಒಂದು ಗೋಡೆಯ ಕಡೆಯದು, ಇನ್ನೊಂದು ಫೋನಿನ ಕಡೆಯದು. ಎರಡರ ನಡುವೆ ತಂತಿಯ ಸಂಬಂಧವೇ ಇಲ್ಲ. ಶಕ್ತಿ ದಾಟುವುದು ಬರೀ ಕಾಂತದ ಮೂಲಕ. ನಿಮ್ಮ ಜೀವ ನಿಂತಿರುವುದು ಈ ನಡುವಿನ ಗೋಡೆಯ ಮೇಲೆ. ಒಳ್ಳೆಯ ಚಾರ್ಜರಿನಲ್ಲಿ ಸುರುಳಿಗಳ ಮಧ್ಯೆ ಪದರಗಟ್ಟಲೆ ಟೇಪು, ಬೋರ್ಡಿನ ಮೇಲೆ ಎರಡೂ ಬದಿಗಳ ನಡುವೆ ಹಲವು ಮಿಲಿಮೀಟರ್ ಖಾಲಿ ಜಾಗ ಇರುತ್ತದೆ. ಫುಟ್‌ಪಾತಿನ ಅಗ್ಗದ ಮಾಲಿನಲ್ಲಿ ಉಳಿತಾಯ ಮಾಡುವುದೇ ಇಲ್ಲಿ.

2023ರ ಆಗಸ್ಟಿನಲ್ಲಿ ಕಾರವಾರದ ಕಡೆಯಿಂದ ಒಂದು ಸುದ್ದಿ ಬಂತು. ಫೋನ್ ತೆಗೆದಿದ್ದರು, ಸ್ವಿಚ್ ಹಾಗೇ ಇತ್ತು. ನೇತಾಡುತ್ತಿದ್ದ ವೈರಿನ ತುದಿಯನ್ನು ಬಾಯಿಗಿಟ್ಟುಕೊಂಡ ಎಂಟು ತಿಂಗಳ ಮಗು ತೀರಿಕೊಂಡಿತು. ಸರಿಯಾಗಿರುವ ಚಾರ್ಜರಿನ ತುದಿಯ 5 ವೋಲ್ಟ್ ಜೀವ ತೆಗೆಯುವಂಥದ್ದಲ್ಲ. ಒಳಗಿನ ಗೋಡೆ ಬಿರುಕುಬಿಟ್ಟರೆ ಮಾತ್ರ ಆ ತುದಿಗೆ 230 ವೋಲ್ಟ್ ಬಂದು ಕೂರುತ್ತದೆ, ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಅಮ್ಮ ಹೇಳುವ ಕಾರಣ ತಪ್ಪಿರಬಹುದು, ಹೇಳುವ ಕೆಲಸ ಸರಿ.

ಇನ್ನೊಂದು ವಿಷಯ ಬಹಳ ಜನ ಕೇಳುತ್ತಾರೆ: ಬರಿಗಾಲಲ್ಲಿ ನಿಂತು ಚಾರ್ಜಿಗಿಟ್ಟ ಫೋನಿನ ಲೋಹದ ಅಂಚು ಸವರಿದರೆ ಜುಮ್ಮೆನ್ನುತ್ತದಲ್ಲ, ಅದು ಶಾಕೇ? ಎರಡು ಪಿನ್ನಿನ ಚಾರ್ಜರುಗಳಲ್ಲಿ ವಿದ್ಯುತ್ ಗದ್ದಲ ಅಡಗಿಸಲು ಎರಡೂ ಬದಿಗಳ ನಡುವೆ ಒಂದು ಪುಟ್ಟ ಕೆಪಾಸಿಟರ್ ಹಾಕಿರುತ್ತಾರೆ. ಅದರ ಮೂಲಕ ಜಿನುಗುವ ಅತಿ ಸಣ್ಣ ಕರೆಂಟು ಅದು, ಅಪಾಯವಿಲ್ಲ. ಆದರೆ ಜುಮ್ಮೆನ್ನುವುದು ಹೋಗಿ ಚುರುಕ್ಕೆಂದು ಹೊಡೆಯತೊಡಗಿದರೆ ಆ ಚಾರ್ಜರನ್ನು ಅವತ್ತೇ ಬಿಸಾಡಿ.

ಕೊಳ್ಳುವಾಗ ಮೈಮೇಲೆ ಬಿಐಎಸ್ ಗುರುತು ಮತ್ತು ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಗುರುತನ್ನು ಯಾರು ಬೇಕಾದರೂ ಅಚ್ಚುಹಾಕಬಹುದು. ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಯಾವ ಕಂಪನಿಯದು, ಯಾವ ವಸ್ತುವಿನದು ಎಂದು ತೋರಿಸುತ್ತದೆ. ಹೆಚ್ಚು ವ್ಯಾಟಿನ ಚಾರ್ಜರ್ ಹಾಕಿದರೆ ಫೋನ್ ಸುಟ್ಟುಹೋಗುತ್ತದೆ ಎಂಬ ಭಯ ಬೇಡ. ಎಷ್ಟು ಬೇಕೆಂದು ಕೇಳುವುದು ಫೋನು, ಚಾರ್ಜರ್ ತಾನಾಗಿ ನುಗ್ಗಿಸುವುದಿಲ್ಲ. ಭಯಪಡಬೇಕಾದದ್ದು ಬಿಸಿಗೆ. ದಿಂಬಿನಡಿ, ಹೊದಿಕೆಯೊಳಗೆ ಚಾರ್ಜಿಗಿಟ್ಟರೆ ಬಿಸಿ ಹೊರಹೋಗಲು ದಾರಿಯಿಲ್ಲ. ಬ್ಯಾಟರಿ ಬೇಗ ಮುದಿಯಾಗುತ್ತದೆ, ಉಬ್ಬಿದ ಬ್ಯಾಟರಿಗಾದರೆ ಬೆಂಕಿಯೂ ಹತ್ತೀತು.

ಮಲೆನಾಡಿನವರಿಗೆ ಹೇಳಬೇಕಿಲ್ಲ, ಉಳಿದವರಿಗೆ: ಗುಡುಗು ಸಿಡಿಲಿರುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ. ಮೋಡದಿಂದ ನೆಲಕ್ಕೆ ಹಾರಿದ್ದಕ್ಕೆ ಸ್ವಿಚ್ಚಿನೊಳಗಿನ ಕೂದಲೆಳೆಯಂಥ ಸಂದು ಯಾವ ಲೆಕ್ಕ? ಇನ್ನು ಎಂಸಿಬಿ ಇದೆ, ಶಾಕ್ ಹೊಡೆಯುವುದಿಲ್ಲ ಎಂದು ನಂಬಿಕೂತ ಮನೆಗಳು ಬಹಳ. ಎಂಸಿಬಿ ಕಾಯುವುದು ವೈರನ್ನು, ಮನುಷ್ಯನನ್ನಲ್ಲ. ಮನುಷ್ಯನಿಗಾಗಿ ಇರುವುದು 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಅದರ ಮೇಲಿನ ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ ನೋಡಬೇಕು.

ಹಾಗಾದರೆ ಯೂನಿಟ್ ಹೋಗುವುದೆಲ್ಲಿ? ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ತೆರಬೇಕಾದ್ದರಿಂದ ಈ ಪ್ರಶ್ನೆಗೆ ಬೆಲೆ ಬಂದಿದೆ. ಮೀಟರಿನ ದೀಪವನ್ನೇ ಕೇಳಿ. 75 ವ್ಯಾಟಿನ ಹಳೆಯ ಫ್ಯಾನಿನ ಬದಲು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ, ದಿನಕ್ಕೆ ಹನ್ನೆರಡು ಗಂಟೆ ತಿರುಗಿದರೂ ತಿಂಗಳಿಗೆ 16 ಯೂನಿಟ್ ಉಳಿಯುತ್ತದೆ. ಟಿವಿಯ ಸೆಟ್‌ಟಾಪ್ ಬಾಕ್ಸು ದೊಡ್ಡ ಕಳ್ಳ: ರಿಮೋಟಿನಲ್ಲಿ ಆರಿಸಿದ ಮೇಲೂ ಎಷ್ಟೋ ಬಾಕ್ಸುಗಳು ಹತ್ತು ವ್ಯಾಟಿನ ಆಸುಪಾಸು ಎಳೆಯುತ್ತಲೇ ಇರುತ್ತವೆ. ಎರಡು ನಿಮಿಷಕ್ಕೊಂದು ಮಿಣುಕು. ದಿನಕ್ಕೆ ಹದಿನೆಂಟು ಗಂಟೆ ಯಾರೂ ನೋಡದೆ ಹಾಗೆ ಕೂತರೆ ವರ್ಷಕ್ಕೆ 65 ಯೂನಿಟ್.

ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಚಾರ್ಜರ್ ಆರಿಸುವುದನ್ನು ಬಿಟ್ಟಿಲ್ಲ, ಬಿಡುವುದೂ ಬೇಡ. ಸೆಟ್‌ಟಾಪ್ ಬಾಕ್ಸನ್ನು ಮಾತ್ರ ಮುಟ್ಟಗೊಡುವುದಿಲ್ಲ. ಬೆಳಿಗ್ಗೆ ಹಾಕಿದರೆ ಸುಪ್ರಭಾತ ಬರಲು ಎರಡು ನಿಮಿಷ ತಡವಾಗುತ್ತದಂತೆ.