ಚಳಿಗಾಲದಲ್ಲಿ ಮನೆ ಬೆಚ್ಚಗಿರಲಿ, ಉಸಿರು ಕಟ್ಟದಿರಲಿ

ದೀಪಾವಳಿ ಕಳೆಯುತ್ತಿದ್ದಂತೆ ನಮ್ಮ ಉತ್ತರ ಕರ್ನಾಟಕದಲ್ಲಿ ಚಳಿ ಆರಂಭವಾಗುತ್ತದೆ. ಬೀದರ, ವಿಜಯಪುರ ಕಡೆ ಡಿಸೆಂಬರ್, ಜನವರಿಯಲ್ಲಿ ರಾತ್ರಿಯ ಉಷ್ಣತೆ ಕೆಲವು ವರ್ಷ 10 ಡಿಗ್ರಿಗಿಂತಲೂ ಕೆಳಗಿಳಿಯುವುದುಂಟು. ಎಳೆಗೂಸು, ಬಾಣಂತಿ, ವಯಸ್ಸಾದವರು, ದಮ್ಮು ಹಾಗೂ ಹೃದಯದ ಕಾಯಿಲೆ ಇರುವವರಿಗೆ ಈ ಚಳಿ ಬಾಧಿಸುತ್ತದೆ. ಆದ್ದರಿಂದ ಚಳಿಗೆ ಮೊದಲೇ ಮನೆಯನ್ನು ಸಿದ್ಧಪಡಿಸಿಕೊಳ್ಳಿ.

ಮನೆಯ ಸಿದ್ಧತೆ

1. ಕೌದಿ, ಕಂಬಳಿ, ಸ್ವೆಟರ್‌ಗಳನ್ನು ಹೊರತೆಗೆದು ಒಗೆದು, ಎರಡು ದಿನ ಬಿಸಿಲಿಗೆ ಹಾಕಿ. ಅವುಗಳ ಧೂಳು ದಮ್ಮು ಇರುವವರಿಗೆ ತೊಂದರೆ ಕೊಡುತ್ತದೆ.
2. ಬಾಗಿಲ ಕೆಳಗಿನ ಸಂದಿಗೆ ಹಳೆಯ ಬಟ್ಟೆಯ ಸುರುಳಿ ಇಡಿ. ಮೇಲಿನ ಬೆಳಕಿಂಡಿಯನ್ನು ಮಾತ್ರ ಮುಚ್ಚಬೇಡಿ.
3. ಫರಸಿ ನೆಲ ತುಂಬಾ ತಣ್ಣಗಿರುತ್ತದೆ. ಕೆಳಗೆ ಮಲಗುವವರು ಗೋಣಿಚೀಲ ಅಥವಾ ಚಾಪೆ ಹಾಸಿ, ಅದರ ಮೇಲೆ ಹಾಸಿಗೆ ಹಾಕಿಕೊಳ್ಳಬೇಕು.
4. ಹಗಲಿನಲ್ಲಿ ಕಿಟಕಿ ತೆರೆದು ಬಿಸಿಲು ಒಳಗೆ ಬರಲು ಬಿಡಿ.

ಕೋಣೆಯೊಳಗೆ ಕೆಂಡ ಬೇಡ

ಬಾಣಂತಿಯ ಹೊರಸಿನ ಕೆಳಗೆ ಅಗ್ಗಿಷ್ಟಿಗೆ ಇಟ್ಟು ಕಾಸುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ಮನೆಯ ಹಿರಿಯರು ಇದನ್ನು ಕಾಳಜಿಯಿಂದಲೇ ಮಾಡುತ್ತಾರೆ. ಆದರೆ ಹಿಂದಿನ ಮನೆಗಳಲ್ಲಿ ಬೆಳಕಿಂಡಿ, ಹೆಂಚಿನ ಸಂದುಗಳಿಂದ ಗಾಳಿ ಆಡುತ್ತಿತ್ತು. ಈಗಿನ ಆರ್.ಸಿ.ಸಿ. ಮನೆಯಲ್ಲಿ ಬಾಗಿಲು, ಕಿಟಕಿ ಹಾಕಿದರೆ ಗಾಳಿಗೆ ದಾರಿಯೇ ಇರುವುದಿಲ್ಲ.

ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಬರುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಇಲ್ಲದ ನಿಗಿನಿಗಿ ಕೆಂಡದಿಂದಲೂ ಇದು ಬರುತ್ತದೆ. ರಕ್ತದಲ್ಲಿರುವ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟು ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಇದರಿಂದ ಮೆದುಳಿಗೆ, ಹೃದಯಕ್ಕೆ ಆಮ್ಲಜನಕ ಸಿಗುವುದಿಲ್ಲ. ಮಲಗಿದವರಿಗೆ ಎಚ್ಚರವಾಗದೆಯೇ ಪ್ರಾಣ ಹೋಗಬಹುದು. 2025ರ ನವೆಂಬರ್‌ನಲ್ಲಿ ಬೆಳಗಾವಿಯಲ್ಲಿ ಚಳಿಗೆಂದು ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿ ಮಲಗಿದ್ದ ಮೂವರು ಯುವಕರು ಹೀಗೆಯೇ ತೀರಿಕೊಂಡರು.

ಮುಚ್ಚಿದ ಬಚ್ಚಲುಮನೆಯಲ್ಲಿ ಉರಿಯುವ ಗ್ಯಾಸ್ ಗೀಸರ್‌ನಿಂದಲೂ ಇದೇ ಅಪಾಯವಿದೆ. ಗೀಸರನ್ನು ಹೊರಗೆ ಕೂಡಿಸಿರಿ.

ಈ ಲಕ್ಷಣ ಕಂಡರೆ ತಡಮಾಡಬೇಡಿ

ಬೆಂಕಿ ಇರುವ ಕೋಣೆಯಲ್ಲಿ ತಲೆನೋವು, ತಲೆಸುತ್ತು, ವಾಕರಿಕೆ, ಮಂಪರು ಕಾಣಿಸಿದರೆ, ಅದರಲ್ಲೂ ಒಬ್ಬರಿಗಿಂತ ಹೆಚ್ಚು ಜನರಿಗೆ ಕಾಣಿಸಿದರೆ, ಬಾಗಿಲು, ಕಿಟಕಿ ತೆರೆದು ಎಲ್ಲರನ್ನೂ ಬಯಲಿಗೆ ಕರೆತನ್ನಿ. 108ಕ್ಕೆ ಕರೆ ಮಾಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ. ಆರಾಮಾಯಿತು ಎನಿಸಿದರೂ ಆಸ್ಪತ್ರೆಗೆ ಕರೆತನ್ನಿ, ಆಮ್ಲಜನಕ ಕೊಡಬೇಕಾಗಬಹುದು.

ಬೆಂಕಿ ಇಲ್ಲದೆ ಬೆಚ್ಚಗಿಡುವುದು ಹೇಗೆ?

ಎಳೆಗೂಸನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಅಪ್ಪಿ, ಮೇಲೆ ಕಂಬಳಿ ಹೊದಿಸಿ. ಮಗುವಿನ ಮೂಗು, ಬಾಯಿ ಮುಚ್ಚದಿರಲಿ, ತಾಯಿ ಎಚ್ಚರವಾಗಿರಲಿ. ತಲೆಗೆ ಕುಲಾಯಿ, ಕಾಲಿಗೆ ಕಾಲುಚೀಲ ಹಾಕಿ. ಆಗಾಗ ಮಗುವಿನ ಪಾದ ಮತ್ತು ಹೊಟ್ಟೆ ಮುಟ್ಟಿ ನೋಡಿ. ಪಾದ ಮಾತ್ರ ತಣ್ಣಗಿದ್ದರೆ ಇನ್ನಷ್ಟು ಬೆಚ್ಚಗೆ ಮಾಡಬೇಕು. ಪಾದ, ಹೊಟ್ಟೆ ಎರಡೂ ತಣ್ಣಗಿದ್ದರೆ ಕೂಡಲೇ ಆಸ್ಪತ್ರೆಗೆ ತನ್ನಿ.

ಬಾಣಂತಿಗೆ ಬಿಸಿ ಊಟ, ಬಿಸಿನೀರಿನ ಸ್ನಾನ, ದಪ್ಪ ಕೌದಿ ಸಾಕು. ಹಿರಿಯರು ಒಂದು ದಪ್ಪ ಬಟ್ಟೆಯ ಬದಲು ಎರಡು ಮೂರು ತೆಳುಬಟ್ಟೆ ಧರಿಸಲಿ. ಸಕ್ಕರೆ ಕಾಯಿಲೆಯಿಂದ ಪಾದಕ್ಕೆ ಸ್ಪರ್ಶ ಕಡಿಮೆಯಾದವರಿಗೆ ಬಿಸಿನೀರಿನ ಚೀಲ ಸುಟ್ಟರೂ ತಿಳಿಯುವುದಿಲ್ಲ. ಅವರಿಗೆ ಉಣ್ಣೆಯ ಕಾಲುಚೀಲವೇ ಒಳ್ಳೆಯದು.

ಬೆಂಕಿ ಕಾಯಿಸಿಕೊಳ್ಳುವ ಆಸೆಯಿದ್ದರೆ ಅಂಗಳದಲ್ಲಿ ಕುಳಿತು ಕಾಯಿಸಿಕೊಳ್ಳಿರಿ. ಮಲಗುವ ಮುನ್ನ ಕೆಂಡಕ್ಕೆ ನೀರು ಹಾಕಿ ಪೂರ್ತಿ ಆರಿಸಿ, ಹೊರಗೇ ಬಿಟ್ಟು ಒಳಗೆ ಬನ್ನಿರಿ.