ಹೃದಯದ ಕಾಯಿಲೆಯುಳ್ಳ ಮನೆಗಳೂ ಮಕ್ಕಳ ಶಾಲೆಯೂ

ಜೂನ್ ತಿಂಗಳಲ್ಲಿ ಮಕ್ಕಳನ್ನು ಶಾಲೆಗೆ ಸೇರಿಸುವ ದಿವಸಗಳಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ತಮ್ಮ ಹೆಣ್ಣುಮಕ್ಕಳ ಕೈ ಹಿಡಿದುಕೊಂಡು ಮಹಡಿಯ ಮೇಲಿನ ನಮ್ಮ ಕೋಣೆಗೆ ಬರುವುದುಂಟು. ಮೆಟ್ಟಿಲು ತಿರುಗುವ ಸ್ಥಳದಲ್ಲಿ ಗೋಡೆಗೆ ತೂಗುಹಾಕಿರುವ ಹಳೆಯ ತರಗತಿಗಳ ಭಾವಚಿತ್ರಗಳ ಮುಂದೆ ಅವರು ಸ್ವಲ್ಪ ನಿಂತು ನೋಡುವುದು ಸಹಜವೇ. ಆದರೆ ಅವರಲ್ಲೊಬ್ಬಾಕೆ ಪ್ರತಿ ಸಾರಿಯೂ ಅಲ್ಲಿ ಬಹಳ ಹೊತ್ತು ನಿಲ್ಲುತ್ತಿದ್ದರು. ಇದು ಶಾಲೆಯ ಮೇಲಣ ಪ್ರೀತಿಯೆಂದು ನಾವು ಎಣಿಸಿಕೊಂಡಿದ್ದೆವು. ಒಂದು ದಿವಸ ನಾವೂ ಅವರ ಹಿಂದೆಯೇ ಮೆಟ್ಟಿಲು ಹತ್ತುತ್ತಿದ್ದುದರಿಂದ ನಿಜವು ತಿಳಿಯಿತು. ಅವರು ಚಿತ್ರಗಳನ್ನು ನೋಡುತ್ತಿರಲಿಲ್ಲ. ಗೋಡೆಗೆ ಒಂದು ಕೈ ಊರಿ ಉಸಿರನ್ನು ಕೂಡಿಸಿಕೊಳ್ಳುತ್ತಿದ್ದರು. "ಮಗಳಿಗೆ ಹೇಳಬೇಡಿರಿ, ಟೀಚರ್" ಎಂಬದೇ ಅವರು ಆಡಿದ ಮೊದಲ ಮಾತು.

ಆ ತಾಯಿಗೆ ಇರುವುದು ಹೃದಯದ ಕವಾಟವೊಂದು ಕಿರಿದಾಗಿರುವ ಕಾಯಿಲೆ. ಅದು ಅವರಿಗೆ ನಡುವಯಸ್ಸಿನಲ್ಲಿ ಬಂದದ್ದಲ್ಲ. ಅವರು ನಮ್ಮ ಶಾಲೆಯ ಬೆಂಚಿನ ಮೇಲೆ ಕುಳಿತು ಓದುತ್ತಿದ್ದ ಕಾಲದಲ್ಲಿಯೇ ಮೊದಲಾದದ್ದು. ಆದಕಾರಣ ಇದು ವೈದ್ಯರಿಗೆ ಮಾತ್ರ ಸೇರಿದ ವಿಷಯವಲ್ಲ, ಶಾಲೆಗೂ ಮನೆಗೂ ಸೇರಿದ್ದು ಎಂದು ತೋರಿದ್ದರಿಂದ ಅವರ ಅನುಮತಿಯನ್ನು ಪಡೆದು ಇದನ್ನು ಬರೆಯುತ್ತೇವೆ. ಹೆಸರನ್ನು ಹೇಳುವುದಿಲ್ಲ.

ಈ ವ್ಯಾಧಿಯು ಗಂಟಲಿನಲ್ಲಿ ಹುಟ್ಟುತ್ತದೆಂದರೆ ಅನೇಕರು ನಂಬಲಾರರು. ಸ್ಟ್ರೆಪ್ಟೊಕಾಕಸ್ ಎಂಬ ಸೂಕ್ಷ್ಮಜೀವಿಗಳಲ್ಲಿ ಒಂದು ಬಗೆಯವು ಮಕ್ಕಳ ಗಂಟಲನ್ನು ಸೇರಿ ನೋವನ್ನೂ ಜ್ವರವನ್ನೂ ಉಂಟುಮಾಡುತ್ತವೆ. ನಾಲ್ಕಾರು ದಿವಸಗಳಲ್ಲಿ ಗಂಟಲು ತಾನಾಗಿಯೇ ವಾಸಿಯಾಗುವುದರಿಂದ ತಾಯಿಯು ಅದನ್ನು ಮರೆತುಬಿಡುವಳು. ಆದರೆ ಆ ಜೀವಿಗಳೊಡನೆ ಹೋರಾಡಲು ಎದ್ದ ಶರೀರದ ರಕ್ಷಣಾಶಕ್ತಿಯು ಕೆಲವು ಮಕ್ಕಳಲ್ಲಿ ಶತ್ರು ಯಾರು, ಸ್ವಂತದವರು ಯಾರು ಎಂಬ ವಿವೇಚನೆಯನ್ನು ತಪ್ಪಿ, ಎರಡು ಮೂರು ವಾರಗಳ ತರುವಾಯ ಕೀಲುಗಳ ಮೇಲೆಯೂ ಹೃದಯದ ಮೇಲೆಯೂ ಬೀಳುತ್ತದೆ. ಇದಕ್ಕೆ ರುಮ್ಯಾಟಿಕ್ ಜ್ವರವೆಂದು ಹೆಸರು. ಐದರಿಂದ ಹದಿನೈದು ವರುಷದೊಳಗಿನ ಮಕ್ಕಳಿಗೇ ಇದು ಹೆಚ್ಚು, ಅಂದರೆ ಶಾಲೆಗೆ ಹೋಗುವ ಪ್ರಾಯದವರಿಗೇ. ಇಂದು ಮೊಣಕಾಲು ಊದಿದರೆ ನಾಳೆ ಅದು ಇಳಿದು ಕಣಕಾಲು ಊದುವುದು. ಅದರ ಮರುದಿನ ಮೊಣಕೈ. ನೋವು ಹೀಗೆ ಮನೆ ಬದಲಾಯಿಸುತ್ತಿರುವಾಗ ಹಿರಿಯರು "ಬೆಳೆಯುವ ಮಕ್ಕಳ ನೋವು" ಎಂದು ಎಣ್ಣೆ ತಿಕ್ಕಿ ಸುಮ್ಮನಾಗುತ್ತಾರೆ. ಕೀಲುಗಳು ಒಂದು ಗುರುತೂ ಇಲ್ಲದೆ ಗುಣವಾಗುತ್ತವೆ. ಹೃದಯದ ಕವಾಟಕ್ಕೆ ಬಿದ್ದ ಗಾಯವು ಮಾತ್ರ ಮಾಯದೆ ಉಳಿಯಬಹುದು. ಒಂದೇ ಮನೆಯಲ್ಲಿ ಹೆಚ್ಚು ಜನರು ಒತ್ತಾಗಿ ಮಲಗುವ ಕಡೆಗಳಲ್ಲಿ ಗಂಟಲಿನ ರೋಗವು ಒಬ್ಬರಿಂದೊಬ್ಬರಿಗೆ ಬೇಗನೆ ಹಬ್ಬುವುದರಿಂದ ಇದು ಬಡವರ ಮನೆಗಳನ್ನೇ ಹೆಚ್ಚಾಗಿ ಹಿಡಿಯುತ್ತದೆ. ಬೋರ್ಡಿಂಗಿನವರಾದ ನಾವು ಸಹ ಈ ಮಾತಿಗೆ ಕಿವಿಗೊಡಬೇಕಾದವರೇ.

ಇದೇ ಜ್ವರದ ಇನ್ನೊಂದು ರೂಪವುಂಟು. ಅದನ್ನು ಬರೆಯುವಾಗ ನಮ್ಮ ಕೈ ತುಸು ತಡೆಯುತ್ತದೆ. ಗಂಟಲು ನೋವು ಬಂದುಹೋಗಿ ಕೆಲವು ತಿಂಗಳುಗಳಾದ ಮೇಲೆ, ಮುಖ್ಯವಾಗಿ ಹೆಣ್ಣುಮಕ್ಕಳಲ್ಲಿ, ಕೈಕಾಲುಗಳು ತಮ್ಮಷ್ಟಕ್ಕೆ ತಾವೇ ಅದುರಲಾರಂಭಿಸುತ್ತವೆ. ಹಿಡಿದ ಲೋಟವು ಬೀಳುವುದು, ಮುಖವು ಅಣಕಿಸಿದಂತೆ ಸೊಟ್ಟಗಾಗುವುದು, ಕಾರಣವಿಲ್ಲದೆ ಅಳು ಬರುವುದು, ಅಕ್ಷರವು ಕೆಡುವುದು. ನಿದ್ರೆಯಲ್ಲಿ ಇವೆಲ್ಲ ನಿಂತುಬಿಡುತ್ತವೆ. ಥಾಮಸ್ ಸಿಡನ್‌ಹ್ಯಾಮ್ ಎಂಬ ಇಂಗ್ಲಿಷ್ ವೈದ್ಯನು ೧೬೮೬ರಲ್ಲಿಯೇ ಇದನ್ನು ವರ್ಣಿಸಿದ್ದಾನೆ. ಮೂರು ಶತಮಾನಗಳಾದರೂ ಉಪಾಧ್ಯಾಯಿನಿಯರ ತರಬೇತಿನಲ್ಲಿ ನಮಗೆ ಯಾರೂ ಇದನ್ನು ಹೇಳಿಕೊಡಲಿಲ್ಲ. ಮೇಲೆ ಹೇಳಿದ ತಾಯಿಯು ಒಂಬತ್ತನೆಯ ತರಗತಿಯಲ್ಲಿದ್ದಾಗ ನಾವು ಆಗತಾನೆ ಕೆಲಸಕ್ಕೆ ಸೇರಿದ ಉಪಾಧ್ಯಾಯಿನಿ. ಮುತ್ತಿನಂತಿದ್ದ ಅವರ ಬರಹವು ಆ ವರುಷ ಒಮ್ಮೆಗೇ ಕಾಗೆಯ ಕಾಲಿನಂತಾಯಿತು. ಅಲಕ್ಷ್ಯವೆಂದು ತಿಳಿದು ದಿನಕ್ಕೆ ಎರಡು ಪುಟಗಳಂತೆ ಕಾಪಿ ಬರೆಯುವ ಶಿಕ್ಷೆಯನ್ನು ವಿಧಿಸಿದೆವು. ಮಗುವು ಅಳುತ್ತಾ ಬರೆಯಿತು. ತಿಂಗಳೆರಡರಲ್ಲಿ ಕೈ ತಾನಾಗಿಯೇ ಸ್ಥಿರವಾಯಿತು. ಈ ವ್ಯಾಧಿಯ ಸ್ವಭಾವವೇ ಹಾಗೆ. ನಮ್ಮ ಶಿಕ್ಷೆಯು ಫಲಿಸಿತೆಂದು ನಾವು ಹೆಮ್ಮೆಪಟ್ಟೆವು! ಅಂದೇ ವೈದ್ಯರಲ್ಲಿಗೆ ಕಳುಹಿಸಿದ್ದರೆ ಔಷಧವು ಅಂದೇ ಮೊದಲಾಗುತ್ತಿತ್ತು.

ಆ ಔಷಧವೇನೂ ದುರ್ಲಭವಲ್ಲ. ೧೯೨೮ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗನು ಕಂಡುಹಿಡಿದ ಪೆನಿಸಿಲಿನ್ನೇ ಇಂದಿಗೂ ಇದಕ್ಕೆ ಮುಖ್ಯವಾದ ಮದ್ದು. ಗಂಟಲು ನೋವು ಮೊದಲಾದ ಒಂಬತ್ತು ದಿವಸಗಳೊಳಗಾಗಿ ತಕ್ಕ ಔಷಧವನ್ನು ಆರಂಭಿಸಿ ವೈದ್ಯರು ಹೇಳಿದಷ್ಟು ದಿವಸವೂ ಪೂರ್ತಿಯಾಗಿ ಕೊಟ್ಟರೆ ಜ್ವರವನ್ನು ತಡೆಯಬಹುದು. ಮೂರನೆಯ ದಿವಸ ಹುಡುಗಿ ಆಡತೊಡಗಿದಳೆಂದು ಮಾತ್ರೆಗಳನ್ನು ಡಬ್ಬಿಯಲ್ಲಿಡಕೂಡದು. ಜ್ವರವು ಒಂದು ಸಾರಿ ಬಂದುಹೋದ ಮಕ್ಕಳಿಗಾದರೋ ಅದು ಮರಳಿ ಬರುವ ಭಯವು ಅಧಿಕ. ಬಂದ ಪ್ರತಿ ಸಾರಿಯೂ ಕವಾಟವು ಇನ್ನಷ್ಟು ಕೆಡುವುದು. ಆದಕಾರಣ ಬೆಂಜಥೀನ್ ಪೆನಿಸಿಲಿನ್ ಎಂಬ ಸೂಜಿಮದ್ದನ್ನು, ದೊಡ್ಡ ಮಕ್ಕಳಿಗೆ ೧೨ ಲಕ್ಷ ಯೂನಿಟ್ಟಿನಂತೆ, ಸಾಮಾನ್ಯವಾಗಿ ಮೂರು ವಾರಗಳಿಗೊಮ್ಮೆ ಚುಚ್ಚಿಸಬೇಕು. ಇದು ಒಂದು ತಿಂಗಳ ಮಾತಲ್ಲ. ಕಡಿಮೆಯೆಂದರೂ ಐದು ವರುಷ. ಹೃದಯಕ್ಕೆ ತಗಲಿದ್ದರೆ ಇಪ್ಪತ್ತು ದಾಟುವ ತನಕ. ಕವಾಟವು ಬಹಳ ಕೆಟ್ಟಿದ್ದರೆ ನಲವತ್ತರವರೆಗೆ, ಇಲ್ಲವೆ ಜೀವಮಾನವೆಲ್ಲ. ಎಷ್ಟು ಕಾಲವೆಂಬದನ್ನು ವೈದ್ಯರೇ ನಿರ್ಣಯಿಸತಕ್ಕದ್ದು. ಚುಚ್ಚಿದ ಸ್ಥಳವು ಬಹಳ ನೋಯುತ್ತದೆ. ಮರುದಿನ ತರಗತಿಯಲ್ಲಿ ಒಂದು ಪಕ್ಕಕ್ಕೆ ವಾಲಿ ಕುಳಿತ ಹುಡುಗಿಯನ್ನು "ನೆಟ್ಟಗೆ ಕುಳಿತುಕೋ" ಎಂದು ಗದರಿಸಬಾರದೆಂದು ನಮ್ಮ ಉಪಾಧ್ಯಾಯಿನಿಯರಿಗೆ ಈಗ ಹೇಳಿಟ್ಟಿದ್ದೇವೆ.

ಹೀಗಿರಲಾಗಿ ಕೆಲವು ವರುಷಗಳ ಹಿಂದೆ ನಮ್ಮಿಂದಲೇ ಮತ್ತೊಂದು ತಪ್ಪು ನಡೆಯಿತು. ಎಂಟನೆಯ ತರಗತಿಯ ಒಬ್ಬ ಬಡ ಹುಡುಗಿಗೆ ಈ ಸೂಜಿಮದ್ದು ನಡೆಯುತ್ತಿತ್ತು. ಅದಕ್ಕಾಗಿ ಪಟ್ಟಣದ ಆಸ್ಪತ್ರೆಗೆ ಹೋದರೆ ಅವಳಿಗೆ ಒಂದು ದಿವಸದ ಪಾಠವೂ ತಾಯಿಗೆ ಒಂದು ದಿವಸದ ಕೂಲಿಯೂ ತಪ್ಪುತ್ತಿದ್ದವು. ನಮ್ಮಲ್ಲಿ ಆಗ ಒಂದು ದಿವಸವೂ ತಪ್ಪದೆ ಬಂದವರಿಗೆ ಹಾಜರಿ ಬಹುಮಾನವೆಂಬದಿತ್ತು. ಆ ಹುಡುಗಿಯು ಬಹುಮಾನದ ಆಸೆಯಿಂದ ಮೂರು ಸಾರಿ ಚುಚ್ಚಿಸಿಕೊಳ್ಳಲು ಹೋಗಲೇ ಇಲ್ಲ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಒಂದು ಗೈರುಹಾಜರಿಯೂ ಇಲ್ಲದುದನ್ನು ಕಂಡು ಬೆಳಗಿನ ಸಭೆಯಲ್ಲಿ ನಾವು ಅವಳನ್ನು ಹೊಗಳಿದೆವು. ಮಳೆಗಾಲದಲ್ಲಿ ಗಂಟಲು ನೋವು ಬಂದಿತು. ಅದರ ಹಿಂದೆ ಜ್ವರವು ಎರಡನೆಯ ಸಾರಿ ಬಂದಿತು. ಮೊದಲು ಸ್ವಲ್ಪವೇ ಸೋರುತ್ತಿದ್ದ ಕವಾಟವು ಆ ಮೇಲೆ ಬಹಳ ಸೋರತೊಡಗಿತು. ಆ ವರುಷವೇ ಬಹುಮಾನವನ್ನು ನಿಲ್ಲಿಸಿದೆವು. ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು, ತಾವು ಗಳಿಸಿದ ಬಹುಮಾನವನ್ನು ಏಕೆ ತೆಗೆದುಹಾಕಿದಿರಿ ಎಂದು ಬೇಸರದಿಂದ ಕಾಗದ ಬರೆದಿದ್ದರು. ಕಾರಣವು ಇದೇ.

ಇನ್ನು ತಾಯಂದಿರ ವಿಷಯ. ಕೆರೆಯ ತೂಬನ್ನು ಅರ್ಧ ಮುಚ್ಚಿದರೆ ಕೆಳಗಿನ ಗದ್ದೆಗೆ ನೀರು ಸಾಲದು, ಹಿಂದೆ ಕೆರೆಯಲ್ಲಿ ನೀರು ಏರುವುದು. ಹೃದಯದ ಎಡಭಾಗದಲ್ಲಿರುವ ಮಿಟ್ರಲ್ ಕವಾಟದ ದ್ವಾರವು ದೊಡ್ಡವರಲ್ಲಿ ನಾಲ್ಕರಿಂದ ಆರು ಚದರ ಸೆಂಟಿಮೀಟರಿನಷ್ಟಿರತಕ್ಕದ್ದು. ಗಾಯವು ಮಾದು ಅದರ ಅಂಚುಗಳು ಒಂದಕ್ಕೊಂದು ಅಂಟಿಕೊಂಡು ಅದು ಒಂದೂವರೆಗೋ ಒಂದಕ್ಕೋ ಇಳಿದರೆ ರಕ್ತವು ಮುಂದೆ ಹೋಗಲಾರದೆ ಶ್ವಾಸಕೋಶಗಳಲ್ಲಿ ಕಟ್ಟಿಕೊಳ್ಳುತ್ತದೆ. ಮೆಟ್ಟಿಲು ಹತ್ತುವಾಗಿನ ಏದುಸಿರಿಗೂ, ರಾತ್ರಿ ಚಪ್ಪಟೆಯಾಗಿ ಮಲಗಲಾರದೆ ಎರಡು ದಿಂಬು ಬೇಕಾಗುವುದಕ್ಕೂ ಇದೇ ಕಾರಣ. ಈ ಕಷ್ಟವನ್ನು ಕಡಿಮೆಮಾಡಲು ಕೊಡುವ ಮಾತ್ರೆಗಳಲ್ಲಿ ಒಂದು ಮೂತ್ರವನ್ನು ಹೆಚ್ಚಿಸುವುದಾಗಿರುತ್ತದೆ. ಇಲ್ಲಿಯೇ ಶಾಲೆಯ ಸಮಾರಂಭಗಳು ತಾಯಂದಿರಿಗೆ ಕಂಟಕವಾಗುವುದು! ವಾರ್ಷಿಕೋತ್ಸವದಲ್ಲಿ ಮೂರು ಗಂಟೆಗಳ ಕಾಲ ನಡುವಿನ ಸಾಲಿನಲ್ಲಿ ಕುಳಿತಿರಬೇಕೆಂದು ಆ ದಿವಸ ಮಾತ್ರೆಯನ್ನೇ ಬಿಟ್ಟುಬಿಡುವರು. ಮಗಳ ನೃತ್ಯವನ್ನು ನೋಡಿ ಸಂತೋಷದಿಂದ ಮನೆಗೆ ಹೋಗಿ, ನಡುರಾತ್ರಿಯಲ್ಲಿ ಉಸಿರು ಸಾಲದೆ ಎದ್ದು ಕುಳಿತುಕೊಳ್ಳುವರು. ಮಾತ್ರೆಯನ್ನು ಬಿಡಬೇಕಾದ ಅಗತ್ಯವಿಲ್ಲ. ಸಮಾರಂಭದ ದಿವಸ ಯಾವ ಹೊತ್ತಿಗೆ ತೆಗೆದುಕೊಳ್ಳಬಹುದೆಂದು ವೈದ್ಯರನ್ನು ಮುಂಚಿತವಾಗಿ ಕೇಳಿದರೆ ಅವರು ತಿಳಿಸುವರು. ಉಪ್ಪಿನಕಾಯಿ, ಹಪ್ಪಳ, ಒಣಮೀನುಗಳ ವಿಷಯದಲ್ಲಿಯೂ ಅಂದು ಕೈ ಬಿಗಿಯಾಗಿರಲಿ. ಉಪ್ಪು ನೀರನ್ನು ಶರೀರದಲ್ಲಿ ಹಿಡಿದಿಡುತ್ತದೆ.

ಕಾಯಿಲೆಯನ್ನು ಮದುವೆಗೆ ಮುಂಚೆ ಬಚ್ಚಿಡುವ ಪದ್ಧತಿಯು ನಮ್ಮಲ್ಲಿ ಇನ್ನೂ ಇದೆ. ಹೆಣ್ಣಿನ ತಂದೆತಾಯಿಗಳ ಭಯವನ್ನು ನಾವು ಅರಿಯದವರಲ್ಲ. ಆದರೂ ಗರ್ಭಿಣಿಯ ಶರೀರದಲ್ಲಿ ರಕ್ತವು ಹೆಚ್ಚುಕಡಿಮೆ ಅರ್ಧದಷ್ಟು ಅಧಿಕವಾಗುವುದರಿಂದ, ಅದುವರೆಗೆ ಹೇಗೋ ಸಾಗಿಸಿದ ಕಿರಿದಾದ ಕವಾಟವು ಆಗ ತಾಳಲಾರದು. ಬಚ್ಚಿಟ್ಟದ್ದು ಎಲ್ಲಕ್ಕಿಂತಲೂ ಅಪಾಯದ ವೇಳೆಯಲ್ಲಿಯೇ ಹೊರಬೀಳುತ್ತದೆ. ಮಗುವನ್ನು ಬಯಸುವ ಮುಂಚೆಯೇ ಹೃದಯದ ವೈದ್ಯರನ್ನು ಕಾಣತಕ್ಕದ್ದು. ಲೋಹದ ಕವಾಟವನ್ನು ಹಾಕಿಸಿಕೊಂಡವರು ರಕ್ತವು ಹೆಪ್ಪುಗಟ್ಟದಂತೆ ವಾರ್ಫರಿನ್ ಎಂಬ ಮಾತ್ರೆಯನ್ನು ನಿತ್ಯವೂ ನುಂಗುತ್ತಾರೆ. ಅದು ಗರ್ಭದ ಮೊದಲ ತಿಂಗಳುಗಳಲ್ಲಿ ಶಿಶುವಿಗೆ ಕೆಡುಕನ್ನುಂಟುಮಾಡಬಹುದು, ಹಾಗೆಂದು ತಾವಾಗಿಯೇ ನಿಲ್ಲಿಸಿದರೆ ತಾಯಿಗೇ ಕೆಡುಕು. ಈ ಮಾತ್ರೆಯವರು ಸೊಪ್ಪನ್ನು ಬಿಡಬೇಕೆಂಬ ಮಾತು ಅಡಿಗೆಮನೆಗಳಲ್ಲಿ ಹಬ್ಬಿದೆ. ಬಿಡಬೇಕಿಲ್ಲ, ಒಂದು ವಾರ ಬುಟ್ಟಿಗಟ್ಟಲೆ, ಮರುವಾರ ಏನೂ ಇಲ್ಲ ಎಂಬಂತಾಗದೆ ಒಂದೇ ಸಮನಾಗಿ ತಿಂದರೆ ಸಾಕು, ರಕ್ತಪರೀಕ್ಷೆಯನ್ನು ತಪ್ಪಿಸದಿದ್ದರೆ ಸಾಕು. ತಲೆನೋವಿಗೆಂದು ಅಂಗಡಿಯ ಮಾತ್ರೆಯನ್ನು ಮಾತ್ರ ಕೇಳದೆ ನುಂಗಕೂಡದು.

ಕಿರಿದಾದ ಕವಾಟವನ್ನು ಬಿಡಿಸುವ ಕಥೆಯು ಸ್ವಾರಸ್ಯವುಳ್ಳದ್ದು. ೧೯೨೫ರಲ್ಲಿ ಲಂಡನ್ನಿನಲ್ಲಿ ಹೆನ್ರಿ ಸೌಟರ್ ಎಂಬ ಶಸ್ತ್ರವೈದ್ಯನು ಒಬ್ಬ ಹುಡುಗಿಯ ಎದೆಯನ್ನು ತೆರೆದು, ಬಡಿಯುತ್ತಿರುವ ಹೃದಯದೊಳಕ್ಕೆ ತನ್ನ ಬೆರಳನ್ನು ಇಟ್ಟು ಕವಾಟವನ್ನು ಅಗಲಿಸಿದನು. ಹುಡುಗಿಯು ಬದುಕಿದಳು. ಆದರೆ ಇತರ ವೈದ್ಯರು ಅವನಲ್ಲಿಗೆ ಎರಡನೆಯ ರೋಗಿಯನ್ನು ಕಳುಹಿಸಲೇ ಇಲ್ಲ! ಆ ಕೆಲಸವು ಮರಳಿ ಬಳಕೆಗೆ ಬರಲು ೧೯೪೮ರವರೆಗೆ ಕಾಯಬೇಕಾಯಿತು. ಜಪಾನಿನ ಕಾಂಜಿ ಇನೌಯೆ ಎಂಬವರು ಎದೆಯನ್ನು ಕೊಯ್ಯದೆ, ತೊಡೆಯ ರಕ್ತನಾಳದ ಮೂಲಕ ಸಣ್ಣ ನಳಿಗೆಯನ್ನು ಹೃದಯದವರೆಗೆ ಸಾಗಿಸಿ, ಅದರ ತುದಿಯ ಬಲೂನನ್ನು ಉಬ್ಬಿಸಿ ಕವಾಟವನ್ನು ಬಿಡಿಸುವ ಕ್ರಮವನ್ನು ೧೯೮೪ರಲ್ಲಿ ಪ್ರಕಟಿಸಿದರು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಈ ಚಿಕಿತ್ಸೆಯು ಬಹು ಕಾಲದಿಂದ ನಡೆಯುತ್ತಿದೆ. ಬಹಳ ಸೋರುವ ಅಥವಾ ಸುಣ್ಣದಂತೆ ಗಟ್ಟಿಯಾದ ಕವಾಟಗಳಿಗೆ ಇದು ಒದಗದು. ವರುಷಗಳು ಕಳೆದಂತೆ ಕೆಲವರಿಗೆ ಕವಾಟವು ಮರಳಿ ಕಿರಿದಾಗುವುದೂ ಉಂಟು. ಕವಾಟವನ್ನೇ ಬದಲಾಯಿಸಬೇಕಾದವರಿಗೆ ನಮ್ಮ ದೇಶದಲ್ಲಿಯೇ, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯವರು ತಯಾರಿಸಿದ ಕವಾಟವು ೧೯೯೦ರಿಂದ ಬಳಕೆಗೆ ಬಂದಿದೆ.

ನಮ್ಮ ಹಳೆಯ ವಿದ್ಯಾರ್ಥಿನಿಗೆ ಬಲೂನು ಚಿಕಿತ್ಸೆಯೇ ಸಾಕಾಯಿತು. ಆಸ್ಪತ್ರೆಗೆ ಹೋಗುವ ಮುನ್ನ ಮಗಳಿಗೆ ಸಂಗತಿಯನ್ನು ತಿಳಿಸಬೇಕೆಂದು ನಾವು ಬಹಳ ಹೇಳಿ ಒಪ್ಪಿಸಿದೆವು. ಎಲ್ಲವನ್ನೂ ಕೇಳಿದ ಮೇಲೆ ಆ ಹುಡುಗಿಯು ಹೇಳಿದ್ದು ಇಷ್ಟೇ: "ನನಗೆ ಗೊತ್ತಮ್ಮಾ. ನೀನು ಮೆಟ್ಟಿಲಲ್ಲಿ ನಿಂತಾಗ ಅದಕ್ಕೇ ನಾನೂ ಚಿತ್ರ ನೋಡುತ್ತಾ ನಿಲ್ಲುತ್ತಿದ್ದೆ." ಎರಡು ವರುಷಗಳಿಂದ ತಾಯಿಮಕ್ಕಳಿಬ್ಬರೂ ಒಬ್ಬರಿಗಾಗಿ ಒಬ್ಬರು ಆ ಭಾವಚಿತ್ರಗಳನ್ನು ನೋಡಿದ್ದರು.

ಪೋಷಕರಲ್ಲಿ ನಮ್ಮ ಅರಿಕೆ ಏನೆಂದರೆ, ಮಗುವಿಗಾಗಲಿ ತಾಯಿಗಾಗಲಿ ಇಂಥ ಕಾಯಿಲೆಯಿದ್ದರೆ ಶಾಲೆಗೆ ಗುಟ್ಟಾಗಿಯಾದರೂ ತಿಳಿಸಿರಿ. ಸೂಜಿಮದ್ದಿನ ತಾರೀಖುಗಳನ್ನು ಬರೆದುಕೊಟ್ಟರೆ ಆ ದಿವಸಗಳನ್ನು ಗೈರುಹಾಜರಿಯೆಂದು ಎಣಿಸೆವು. ಎಸ್.ಎಸ್.ಎಲ್.ಸಿ. ಪರೀಕ್ಷೆಯ ದಿವಸಕ್ಕೆ ಅದು ಬೀಳುವಂತಿದ್ದರೆ ವೈದ್ಯರ ಒಪ್ಪಿಗೆಯಿಂದ ಒಂದೆರಡು ದಿವಸ ಮುಂಚೆಯೇ ಚುಚ್ಚಿಸಬಹುದು. ಪರೀಕ್ಷೆಯು ಮುಗಿಯಲಿ ಎಂದು ಮುಂದಕ್ಕೆ ಹಾಕಬೇಡಿರಿ. ಪೋಷಕರ ಸಭೆಯು ಇನ್ನು ಮೇಲೆ ಮಹಡಿಯಲ್ಲಿ ನಡೆಯುವುದಿಲ್ಲ. ವಾರ್ಷಿಕೋತ್ಸವವು ಕೆಳಗಿನ ಅಂಗಳದಲ್ಲಿ ನಡೆಯುವುದು. ಬಾಗಿಲ ಪಕ್ಕದ ಎರಡು ಸಾಲು ಕುರ್ಚಿಗಳನ್ನು, ನಡುವೆ ಎದ್ದು ಹೋಗಬೇಕಾದವರಿಗಾಗಿ, ಕಾರಣವನ್ನು ಕೇಳದೆ ಬಿಟ್ಟುಕೊಡಲಾಗುವುದು.